ಮೀಟರ್ 225 ತೋರಿಸುತ್ತದೆ, ಮೋಟಾರು ಯಾಕೆ ತಿರುಗುವುದಿಲ್ಲ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆ ಗುಡ್ಡದ ಮೇಲೆ, ಅಡಿಕೆ ತೋಟ ಮತ್ತು ಬಾವಿ ಕೆಳಗೆ. ಮನೆಯ ಬೋರ್ಡಿನಿಂದ ಬಾವಿ ಹತ್ತಿರದ ಪಂಪ್ ಶೆಡ್ಡಿಗೆ ಸುಮಾರು 200 ಮೀಟರ್. 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆದಿದ್ದೇವೆ, ಮಧ್ಯ ಎರಡು ಕಡೆ ಜಾಯಿಂಟ್ ಇದೆ. ಒಂದು ಎಚ್.ಪಿ. ಸಿಂಗಲ್ ಫೇಸ್ ಮೋಟಾರು ಹೋದ ಬೇಸಿಗೆವರೆಗೆ ಚೆನ್ನಾಗಿ ಓಡುತ್ತಿತ್ತು. ಮಳೆಗಾಲ ಕಳೆದು ಈಗ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಪೇಟೆಯ ವೈಂಡಿಂಗ್ ಅಂಗಡಿಗೆ ಒಯ್ದರೆ ಅಲ್ಲಿ ಸಲೀಸಾಗಿ ಓಡಿತು. ಮಲ್ಟಿಮೀಟರ್ ತಂದು ಶೆಡ್ಡಿನಲ್ಲಿ ನೋಡಿದೆ, 225 ಇದೆ. ಟೆಸ್ಟರ್ ಉರಿಯುತ್ತದೆ, ಬಲ್ಬೂ ಉರಿಯುತ್ತದೆ. ತೊಂದರೆ ಎಲ್ಲಿ? ಹಾಗೇ ವೋಲ್ಟ್, ಆಂಪಿಯರ್, ಓಮ್, ವ್ಯಾಟ್ ಇವನ್ನೆಲ್ಲ ಮೀಟರ್‌ನಲ್ಲಿ ಹೇಗೆ ನೋಡುವುದು ಅಂತ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನೀವು ಬರೆದಿದ್ದನ್ನು ನೋಡಿದರೆ ತೊಂದರೆ ಮೋಟಾರಿನದಲ್ಲ, ಮನೆಯಿಂದ ಶೆಡ್ಡಿಗೆ ಬರುವ ವೈರಿನದು. ನಿಮ್ಮ ಮೀಟರ್ ಸುಳ್ಳು ಹೇಳಿಲ್ಲ. 225 ಇದ್ದದ್ದು ನಿಜ. ಆದರೆ ಅದು ಮೋಟಾರು ಆಫ್ ಇದ್ದಾಗಿನ ಅಂಕಿ. ಮೋಟಾರಿಗೆ ಬೇಕಾದ್ದು ಅದು ಕರೆಂಟ್ ಎಳೆಯುವ ಹೊತ್ತಿನಲ್ಲಿ ಉಳಿಯುವ ವೋಲ್ಟೇಜ್. ಅದನ್ನು ನೀವು ಇನ್ನೂ ಅಳೆದೇ ಇಲ್ಲ.

ಇದನ್ನು ನಾನು ಒತ್ತಿ ಹೇಳುತ್ತೇನೆ. ಹಳ್ಳಿಗಳಲ್ಲಿ ಎಷ್ಟೋ ಒಳ್ಳೆಯ ಮೋಟಾರುಗಳು ಇದೊಂದು ಕಾರಣಕ್ಕೆ ಸುಮ್ನೆ ರಿವೈಂಡಿಂಗ್ ಆಗುತ್ತವೆ. ಖಾಲಿ ಲೈನಿನಲ್ಲಿ ನೋಡಿ "ಕರೆಂಟ್ ಸರಿ ಇದೆ" ಅಂತ ತೀರ್ಮಾನ ಮಾಡುತ್ತಾರೆ. ತಪ್ಪೆಲ್ಲ ಮೋಟಾರಿನ ತಲೆಗೆ ಬರುತ್ತದೆ. ತಾಮ್ರದ ಬೆಲೆ ಈಗ ಎಷ್ಟಿದೆ ಅಂತ ನಿಮಗೂ ಗೊತ್ತು.

ಮೊದಲು ಮೂರು ಮಾತು ಅರ್ಥ ಮಾಡಿಕೊಳ್ಳೋಣ. ನಿಮ್ಮ ಕಡೆ ಗುಡ್ಡದ ಅಬ್ಬಿ ನೀರನ್ನು ಪೈಪಿನಲ್ಲಿ ಮನೆಗೆ ತರುತ್ತಾರಲ್ಲ, ಅದನ್ನೇ ತಗೊಳ್ಳಿ. ಪೈಪಿನೊಳಗೆ ಎಲ್ಲೋ ಒಂದು ಕಡೆ ಎಲೆ, ಕಸ ಸಿಕ್ಕಿಕೊಂಡಿದೆ. ಅಂಗಳದ ನಲ್ಲಿ ಮುಚ್ಚಿದ್ದರೆ ತುದಿಯಲ್ಲಿ ಒತ್ತಡ ಪೂರ್ತಿ ಇರುತ್ತದೆ, ಯಾಕಂದರೆ ನೀರು ಹರಿಯುತ್ತಲೇ ಇಲ್ಲ. ನಲ್ಲಿ ಬಿಟ್ಟ ಕೂಡಲೇ ಒತ್ತಡ ಬಿದ್ದುಹೋಗಿ ನೀರು ಸಣ್ಣಗೆ ಬರುತ್ತದೆ. ಒತ್ತಡದ ಅಳತೆ ವೋಲ್ಟ್. ಹರಿವಿನ ಅಳತೆ ಆಂಪಿಯರ್. ದಾರಿಯಲ್ಲಿನ ಅಡ್ಡಿಯ ಅಳತೆ ಓಮ್. ಈ ಮೂರಕ್ಕೂ ಇರುವ ಸಂಬಂಧವನ್ನು ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದರು: ಆಂಪಿಯರನ್ನು ಓಮ್‌ನಿಂದ ಗುಣಿಸಿದರೆ ವೋಲ್ಟ್. ನಿಮ್ಮ ಶೆಡ್ಡಿನ ಲೆಕ್ಕಕ್ಕೆ ಇದೊಂದು ಸೂತ್ರ ಸಾಕು.

ಈಗ ನಿಮ್ಮ ವೈರಿಗೆ ಬರೋಣ. 2.5 ಚದರ ಮಿ.ಮೀ. ತಾಮ್ರದ ವೈರಿಗೆ ಒಂದು ಕಿಲೋಮೀಟರಿಗೆ ಸುಮಾರು 7.4 ಓಮ್ ಅಡ್ಡಿ ಇರುತ್ತದೆ. ನಿಮ್ಮ ದೂರ 200 ಮೀಟರ್. ಆದರೆ ಕರೆಂಟ್ ಫೇಸಿನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು, ಅಲ್ವಾ? ಹಾಗಾಗಿ 400 ಮೀಟರ್ ಅಂತ ಹಿಡಿಯಬೇಕು. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 3 ಓಮ್.

ಒಂದು ಎಚ್.ಪಿ. ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 6 ಆಂಪಿಯರ್ ಎಳೆಯುತ್ತದೆ. 6 ಸಲ 3, ಅಂದರೆ 18 ವೋಲ್ಟ್ ದಾರಿಯಲ್ಲೇ ಹೋಯಿತು. ಅದು ಹೇಗೋ ನಡೆಯುತ್ತದೆ. ಆದರೆ ನಿಂತ ಮೋಟಾರು ಹೊರಡುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಕೇಳುತ್ತದೆ. ವೈರಿನ ಅಡ್ಡಿಯಿಂದ ಅಷ್ಟು ಸಿಗದೆ 25 ಆಂಪಿಯರ್ ಮಾತ್ರ ಬಂತು ಅಂತಿಟ್ಟುಕೊಳ್ಳಿ. ಆಗಲೂ 75 ವೋಲ್ಟ್ ವೈರಿನಲ್ಲೇ ಖರ್ಚು. 230ರಲ್ಲಿ ಮೋಟಾರಿನ ತುದಿಗೆ ಉಳಿಯುವುದು 155. ಇದು ಸ್ಥೂಲ ಲೆಕ್ಕ, ಮನೆಗೆ ಬರುವ ಎ.ಸಿ. ಕರೆಂಟಿನಲ್ಲಿ ಹತ್ತು ಹದಿನೈದು ವೋಲ್ಟ್ ಆಚೀಚೆ ಆಗುತ್ತದೆ. ಅಂದರೆ ವೈರ್ ಪೂರ್ತಿ ಸರಿ ಇದ್ದಾಗಲೂ ನಿಮ್ಮ ಮೋಟಾರು ಕಷ್ಟಪಟ್ಟೇ ಹೊರಡುತ್ತಿತ್ತು.

ಇನ್ನೊಂದು ವಿಷಯ ಸೇರಿಸಿ. ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. ವೋಲ್ಟೇಜ್ ಅರ್ಧ ಆದರೆ ಬಲ ಅರ್ಧ ಅಲ್ಲ, ಕಾಲು ಭಾಗ. 155ರಲ್ಲೇ ಬಲ ಅರ್ಧಕ್ಕಿಂತ ಕಡಿಮೆ ಆಗಿರುತ್ತದೆ. ಇದರ ಮೇಲೆ ಮಳೆಗಾಲದಲ್ಲಿ ಒಂದು ಜಾಯಿಂಟ್ ಹಾಳಾಗಿ ಇನ್ನೊಂದು ಮೂರು ಓಮ್ ಸೇರಿಕೊಂಡರೆ ಮೋಟಾರು ಗುಂಯ್ ಅನ್ನುವುದು ಬಿಟ್ಟು ಬೇರೇನು ಮಾಡುತ್ತದೆ? ವೈಂಡಿಂಗ್ ಅಂಗಡಿಯಲ್ಲಿ ಇಷ್ಟುದ್ದದ ವೈರ್ ಇರಲಿಲ್ಲ, ಅದಕ್ಕೇ ಅಲ್ಲಿ ಓಡಿತು.

ಹಾಗಾದರೆ ಟೆಸ್ಟರ್, ಬಲ್ಬು, ಮೀಟರ್ ಮೂರೂ ಯಾಕೆ ಸರಿ ಅಂದವು? ಮೂರೂ ಕರೆಂಟನ್ನು ಬಹಳ ಕಡಿಮೆ ಎಳೆಯುತ್ತವೆ. ಟೆಸ್ಟರಿನೊಳಗೆ ಲಕ್ಷಗಟ್ಟಲೆ ಓಮ್‌ನ ಒಂದು ರೆಸಿಸ್ಟರ್ ಇರುತ್ತದೆ. ನಿಮ್ಮ ಮೈಯಲ್ಲಿ ಅಪಾಯವಿಲ್ಲದಷ್ಟು ಕರೆಂಟ್ ಹರಿದರೆ ಸಾಕು, ಅದು ಉರಿಯುತ್ತದೆ. ಡಿಜಿಟಲ್ ಮೀಟರಿನದೂ ಅದೇ ಕಥೆ. ಒಳ್ಳೆಯ ಮೀಟರಿನ ಒಳಗಿನ ಅಡ್ಡಿ ಒಂದು ಕೋಟಿ ಓಮ್ ಇರುತ್ತದೆ. ನಿಮ್ಮ ಜಾಯಿಂಟ್ ಪೂರ್ತಿ ಕೆಟ್ಟು 10,000 ಓಮ್ ಆಗಿದ್ದರೂ ಅಂಥ ಮೀಟರ್ ಕಾಲು ವೋಲ್ಟ್ ಕಡಿಮೆ ತೋರಿಸುತ್ತದೆ, ಅಷ್ಟೇ. ಹಳೇ 60 ವ್ಯಾಟ್ ಬಲ್ಬು ಎಳೆಯುವುದು 0.26 ಆಂಪಿಯರ್. ದಾರಿಯಲ್ಲಿ 6 ಓಮ್ ಇದ್ದರೂ ಅದಕ್ಕೆ ಎರಡು ವೋಲ್ಟ್ ಕೂಡ ಕಡಿಮೆ ಆಗುವುದಿಲ್ಲ. ಎಲ್.ಇ.ಡಿ. ಬಲ್ಬನ್ನಂತೂ ನಂಬಲೇ ಬೇಡಿ. ಎಷ್ಟೋ ಎಲ್.ಇ.ಡಿ. ಬಲ್ಬುಗಳು 150 ವೋಲ್ಟಿಗೂ ಫುಲ್ ಬೆಳಕು ಕೊಡುತ್ತವೆ.

ಇದೇ ಕಾರಣಕ್ಕೆ ಉಲ್ಟಾ ತಮಾಷೆಯೂ ಆಗುತ್ತದೆ. ಎಲ್ಲಿಗೂ ಸೇರಿಸದ ವೈರ್ ಒಂದು ಕರೆಂಟ್ ಇರುವ ವೈರಿನ ಪಕ್ಕದಲ್ಲೇ ಓಡಿದ್ದರೆ, ಅದರಲ್ಲಿ ಮೀಟರ್ 40, 80 ವೋಲ್ಟ್ ತೋರಿಸಬಹುದು. ಒಂದು ಬಲ್ಬನ್ನು ಹಾಕಿ ನೋಡಿದರೆ ಆ ವೋಲ್ಟೇಜ್ ಮಾಯ. ಲೋಡ್, ಅಂದರೆ ಕರೆಂಟ್ ಎಳೆಯುವ ಸಾಮಾನು, ಹಾಕದೆ ನೋಡಿದ ಅಂಕಿಯನ್ನು ಯಾವತ್ತೂ ಅರ್ಧ ಮಾತ್ರ ನಂಬಬೇಕು.

ಅಳೆಯುವ ಮುಂಚೆ ಮೀಟರ್ ಬಗ್ಗೆ ಒಂದಿಷ್ಟು. ಕಡಿಮೆ ಬೆಲೆಯ ಹಳದಿ ಮೀಟರ್ ಆಗಿದ್ದರೆ ಕೆಳಗೆ ಮೂರು ತೂತು ಇರುತ್ತವೆ. ಕಪ್ಪು ವೈರ್ ಯಾವಾಗಲೂ 'ಕಾಮ್' ಅಂತ ಬರೆದಿರುವ ತೂತಿಗೆ. ಕೆಂಪು ವೈರ್ ವೋಲ್ಟ್ ಮತ್ತು ಓಮ್ ಗುರುತಿರುವ ತೂತಿಗೆ. ಮೂರನೆಯದು 10 ಆಂಪಿಯರ್ ತೂತು. ಅದರ ಹತ್ತಿರ ಹೋಗಬೇಡಿ. ಕೆಂಪು ವೈರ್ ಅಲ್ಲಿದ್ದಾಗ ಮೀಟರ್ ಅಂದರೆ ಬರೀ ಒಂದು ದಪ್ಪ ತಂತಿ. ಅದನ್ನು ಸಾಕೆಟ್ಟಿಗೆ ಹಾಕಿದರೆ ಫೇಸು, ನ್ಯೂಟ್ರಲ್ ನೇರ ಶಾರ್ಟ್. ಕಡಿಮೆ ಬೆಲೆಯ ಎಷ್ಟೋ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೂ ಇರುವುದಿಲ್ಲ, ಮೀಟರ್ ಕೈಯಲ್ಲೇ ಸಿಡಿಯುತ್ತದೆ. ಅಂಥ ಮೀಟರಿನ ಆಂಪಿಯರ್ ಸಾಮಾನ್ಯವಾಗಿ ಡಿ.ಸಿ.ಗೆ, ಅಂದರೆ ಬ್ಯಾಟರಿಯ ಥರದ ಕರೆಂಟಿಗೆ ಮಾತ್ರ. ಮನೆ ಕರೆಂಟಿನ ಆಂಪಿಯರನ್ನು ಅದರಲ್ಲಿ ನೋಡಲು ಬರುವುದೇ ಇಲ್ಲ.

ವೋಲ್ಟ್ ನೋಡಲು ಮೀಟರಿನ ಗುಬ್ಬಿಯನ್ನು (ತಿರುಗಿಸುವ ನಾಬ್) ಎ.ಸಿ. ಕಡೆಗೆ ತಿರುಗಿಸಿ. ಪಕ್ಕದಲ್ಲಿ ಅಲೆಯ ಗುರುತು ಇರುತ್ತದೆ. 600 ಅಥವಾ 750 ಅಂತ ಬರೆದಿರುವ ಮನೆಗೆ (ಗುಬ್ಬಿಯ ಸುತ್ತ ಇರುವ ಗುರುತಿಗೆ) ಇಡಿ, 200ರ ಮನೆಗಲ್ಲ. ಮೊದಲು ಮನೆಯಲ್ಲಿ ಕರೆಂಟ್ ಇದೆ ಅಂತ ಖಾತ್ರಿ ಇರುವ ಸಾಕೆಟ್ಟಿನಲ್ಲಿ ನೋಡಿ. ಅಲ್ಲಿ ಸರಿಯಾಗಿ ತೋರಿಸಿದರೆ ಮಾತ್ರ ಮುಂದಿನ ಅಂಕಿ ನಂಬಬಹುದು. ನಮ್ಮಲ್ಲಿ ಮನೆಗೆ ಬರಬೇಕಾದ್ದು 230 ವೋಲ್ಟ್. 216ರಿಂದ 244ರೊಳಗೆ ಇದ್ದರೆ ಸರಿ ಅಂತ ಹಿಡಿಯಿರಿ.

ಓಮ್ ಮತ್ತು 'ಬೀಪ್' ಮನೆಗಳನ್ನು ಕರೆಂಟ್ ಪೂರ್ತಿ ತೆಗೆದ ವೈರಿಗೆ ಮಾತ್ರ ಬಳಸಿ. ಮೀಟರ್ ತನ್ನ ಬ್ಯಾಟರಿಯಿಂದಲೇ ಅಲ್ಲಿ ಅಳೆಯುತ್ತದೆ, ಹೊರಗಿನ ಕರೆಂಟ್ ಸೇರಿದರೆ ಸುಟ್ಟುಹೋಗುತ್ತದೆ. ಇನ್ನೊಂದು, ಓಮ್ ಮನೆಯಲ್ಲಿ ನಿಮ್ಮ ಕೆಟ್ಟ ಜಾಯಿಂಟ್ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಸಣ್ಣ ಬ್ಯಾಟರಿಯ ಅಳತೆಗೂ 25 ಆಂಪಿಯರ್ ಹರಿಯುವಾಗಿನ ನಡವಳಿಕೆಗೂ ಬಹಳ ವ್ಯತ್ಯಾಸ. 'ಬೀಪ್' ಅಂತೂ ಇಪ್ಪತ್ತು ಮೂವತ್ತು ಓಮ್ ಇದ್ದರೂ ಕೂಗುತ್ತದೆ. ನಮಗೆ ಹುಡುಕಬೇಕಾದ್ದು ಮೂರು ಓಮ್.

ಈಗ ಮುಖ್ಯ ಕೆಲಸ. ಮೋಟಾರನ್ನೇ ಹಾಕಿ ಅಳೆಯಲು ಹೋಗಬೇಡಿ. ತಿರುಗದೆ ಗುಂಯ್ ಅನ್ನುವ ಮೋಟಾರು ಹತ್ತಾರು ಸೆಕೆಂಡಿನಲ್ಲೇ ಬಿಸಿಯಾಗುತ್ತದೆ, ಸುಮ್ನೆ ಹಾಗೇ ಬಿಟ್ಟರೆ ವೈಂಡಿಂಗ್ ನಿಜವಾಗಿಯೂ ಸುಡುತ್ತದೆ. ಅದರ ಬದಲು ಮನೆಯ ಇಸ್ತ್ರಿಪೆಟ್ಟಿಗೆ ತಗೊಂಡು ಶೆಡ್ಡಿಗೆ ಹೋಗಿ. 1000 ವ್ಯಾಟ್ ಅಂತ ಬರೆದಿರುವುದು ಇರಲಿ. ಗುಬ್ಬಿ ಅತಿ ಜಾಸ್ತಿ ಶಾಖಕ್ಕೆ ಇಡಿ, ಇಲ್ಲದಿದ್ದರೆ ಅದು ತಾನಾಗಿ ಆಫ್ ಆಗಿ ಅಳತೆ ಕೆಡುತ್ತದೆ. ಒಬ್ಬರು ಮನೆ ಬೋರ್ಡಿನ ಹತ್ತಿರ, ಒಬ್ಬರು ಶೆಡ್ಡಿನಲ್ಲಿ, ಕೈಯಲ್ಲಿ ಫೋನು. ಮೀಟರ್ ಒಂದೇ ಇದ್ದರೆ ಇಸ್ತ್ರಿಪೆಟ್ಟಿಗೆಯನ್ನು ಆನ್ ಆಫ್ ಮಾಡಿಸುತ್ತಾ ಒಂದು ಕಡೆ ಮುಗಿಸಿ ಇನ್ನೊಂದು ಕಡೆ ನೋಡಿ.

ನಾಲ್ಕು ಅಂಕಿ ಬರೆದುಕೊಳ್ಳಬೇಕು. ಇಸ್ತ್ರಿಪೆಟ್ಟಿಗೆ ಆಫ್ ಇದ್ದಾಗ ಬೋರ್ಡಿನಲ್ಲಿ ಎಷ್ಟು, ಶೆಡ್ಡಿನಲ್ಲಿ ಎಷ್ಟು. ಆನ್ ಇದ್ದಾಗ ಬೋರ್ಡಿನಲ್ಲಿ ಎಷ್ಟು, ಶೆಡ್ಡಿನಲ್ಲಿ ಎಷ್ಟು.

ಇಸ್ತ್ರಿಪೆಟ್ಟಿಗೆಯೇ ಯಾಕೆ ಅಂದರೆ, ಅದರ ಓಮ್ ನಮಗೆ ಗೊತ್ತು. 230ನ್ನು 230ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 53 ಓಮ್. ಕಾದರೂ ಅದು ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಆಂಪಿಯರ್ ಅಳೆಯಲು ಬೇರೆ ಮೀಟರ್ ಬೇಡ, ಶೆಡ್ಡಿನ ವೋಲ್ಟೇಜನ್ನು 53ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ವೈರ್ ಸರಿ ಇದ್ದರೆ ಆನ್ ಮಾಡಿದಾಗ ಬೋರ್ಡಿಗೂ ಶೆಡ್ಡಿಗೂ 12, 13 ವೋಲ್ಟ್ ವ್ಯತ್ಯಾಸ ಬರಬೇಕು. ನಿಮಗೆ ಬೋರ್ಡಿನಲ್ಲಿ 230 ಇದ್ದು ಶೆಡ್ಡಿನಲ್ಲಿ 205 ಬಂತು ಅಂದುಕೊಳ್ಳಿ. 205ನ್ನು 53ರಿಂದ ಭಾಗಿಸಿದರೆ 3.9 ಆಂಪಿಯರ್. ಕಳೆದುಹೋದ 25 ವೋಲ್ಟನ್ನು 3.9ರಿಂದ ಭಾಗಿಸಿದರೆ 6.4 ಓಮ್. ಅದರಲ್ಲಿ 3 ಓಮ್ ವೈರಿನದೇ. ಮಿಕ್ಕ 3.4 ಓಮ್ ಜಾಯಿಂಟಿನದು, ಇಲ್ಲವೇ ಸ್ವಿಚ್ಚಿನದು.

ಬೋರ್ಡಿನಲ್ಲೇ ವೋಲ್ಟೇಜ್ 205ಕ್ಕೆ ಬಿದ್ದರೆ ಕಥೆ ಬೇರೆ. ಆಗ ನಿಮ್ಮ ತೋಟದ ವೈರ್ ಹುಡುಕಿ ಪ್ರಯೋಜನ ಇಲ್ಲ. ತೊಂದರೆ ಕಂಬದಿಂದ ಬರುವ ಸರ್ವಿಸ್ ವೈರಿನಲ್ಲೋ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕಡೆಯೋ ಇದೆ. ಅದನ್ನು ಲೈನ್‌ಮನ್ ನೋಡಬೇಕು, ನೀವಲ್ಲ. ದೂರು ಕೊಡುವಾಗ "ವೋಲ್ಟೇಜ್ ಇಲ್ಲ" ಅನ್ನುವ ಬದಲು "ಖಾಲಿ ಇದ್ದಾಗ 230, ಒಂದು ಇಸ್ತ್ರಿಪೆಟ್ಟಿಗೆ ಹಾಕಿದರೆ 205" ಅಂತ ಬರೆದುಕೊಡಿ. ಹಾಗೆ ಬರೆದರೆ ಎಲ್ಲಿ ಹುಡುಕಬೇಕು ಅಂತ ಅವರಿಗೆ ತಕ್ಷಣ ಹೊಳೆಯುತ್ತದೆ.

ನನಗೆ ಅನುಮಾನ ಇರುವುದು ಆ ಎರಡು ಜಾಯಿಂಟುಗಳ ಮೇಲೆ. ಮೇನ್ ಸ್ವಿಚ್ ತೆಗೆದು, ಶೆಡ್ಡಿನಲ್ಲಿ ಮೀಟರ್ ಹಿಡಿದು ಸೊನ್ನೆ ಇದೆ ಅಂತ ನೋಡಿಕೊಂಡ ಮೇಲೆ ಟೇಪು ಬಿಚ್ಚಿ. ಅಡಿಕೆ ಮರಕ್ಕೆ ಕಟ್ಟಿದ ವೈರ್ ಆದರೆ ಗಾಳಿಗೆ ಮರ ತೂಗಿದಾಗಲೆಲ್ಲ ಜಾಯಿಂಟ್ ಎಳೆದು ಸಡಿಲ ಆಗಿರುತ್ತದೆ. ನಾಲ್ಕು ತಿಂಗಳ ಮಳೆ ಅದರೊಳಗೆ ಇಳಿದಿರುತ್ತದೆ. ಟೇಪಿನ ಒಳಪದರ ಅಂಟು ಅಂಟಾಗಿ ಕೈಗೆ ಹತ್ತುತ್ತದೆ. ತಾಮ್ರ ಹೊಳೆಯುವ ಬದಲು ಕಪ್ಪಗೆ ಆಗಿರುತ್ತದೆ, ಎಳೆಗಳ ಸಂದಿಯಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಎಲ್ಲಾದರೂ ತಾಮ್ರಕ್ಕೆ ಅಲ್ಯೂಮಿನಿಯಂ ವೈರ್ ಸುತ್ತಿ ಸೇರಿಸಿದ್ದರೆ ಬಿಳಿ ಪುಡಿ ಕಾಣುತ್ತದೆ. ಎರಡು ಬೇರೆ ಲೋಹ, ಮಧ್ಯ ನೀರು, ಇಷ್ಟು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅವೆರಡನ್ನು ಸೇರಿಸಲೇಬೇಕಾದರೆ ಅದಕ್ಕೆಂದೇ ಬರುವ ಎರಡು ಲೋಹದ ಕನೆಕ್ಟರ್ ಹಾಕಿಸಿ, ಸುತ್ತಿ ಟೇಪು ಹಚ್ಚುವುದು ಬೇಡ. ಇನ್ಸುಲೇಷನ್ ಕರಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬೇರೆ ಸಾಕ್ಷಿಯೇ ಬೇಡ. ಮೂರೂವರೆ ಓಮ್‌ನಲ್ಲಿ 3.9 ಆಂಪಿಯರ್ ಹರಿದರೆ ಅಲ್ಲಿ 50 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಒಣ ಸೋಗೆ ಬಿದ್ದಿರುವ ತೋಟದಲ್ಲಿ ಅದು ಬೆಂಕಿಗೂ ದಾರಿ.

ಜಾಯಿಂಟ್ ಎರಡೂ ಚೆನ್ನಾಗಿದ್ದರೆ ಸ್ವಿಚ್ಚು, ಸ್ಟಾರ್ಟರ್ ನೋಡಬೇಕು. ಇದಕ್ಕೊಂದು ಸೊಗಸಾದ ಉಪಾಯ ಇದೆ. ಲೋಡ್ ಆನ್ ಇದ್ದಾಗ ಸ್ವಿಚ್ಚಿನ ಒಳಬರುವ ತುದಿಗೆ ಮೀಟರ್ ವೈರಿನ ಒಂದು ಮುಳ್ಳು (ಮೊನೆ), ಹೊರಹೋಗುವ ತುದಿಗೆ ಇನ್ನೊಂದು ಮುಳ್ಳು ಇಟ್ಟರೆ ಸರಿ ಇರುವ ಸ್ವಿಚ್ಚಿನಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರುತ್ತದೆ. ಐದು ವೋಲ್ಟ್, ಹತ್ತು ವೋಲ್ಟ್ ಬಂದರೆ ಅಷ್ಟು ವೋಲ್ಟ್ ಆ ಸ್ವಿಚ್ಚೇ ತಿನ್ನುತ್ತಿದೆ ಅಂತ ಅರ್ಥ. ಆದರೆ ಇದು ಕರೆಂಟ್ ಇರುವಾಗ ಮುಚ್ಚಳ ತೆಗೆದು ಮಾಡುವ ಕೆಲಸ. ದಯವಿಟ್ಟು ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮಲೆನಾಡಿನ ಪಂಪ್ ಶೆಡ್ಡಿನ ನೆಲ ವರ್ಷದಲ್ಲಿ ಅರ್ಧ ಕಾಲ ಒದ್ದೆ. ಒದ್ದೆ ಕಾಲಿನಲ್ಲಿ, ಬರಿಗಾಲಿನಲ್ಲಿ ಯಾವ ಅಳತೆಗೂ ಕೈ ಹಾಕಬೇಡಿ.

ಆಂಪಿಯರ್ ನೋಡಲೇಬೇಕು ಅಂದರೆ ಕ್ಲಾಂಪ್ ಮೀಟರ್ ಬೇಕು. ವೈರ್ ಕತ್ತರಿಸುವುದು, ಬಿಚ್ಚುವುದು ಏನೂ ಇಲ್ಲ. ದವಡೆ ತೆಗೆದು ಒಂದು ವೈರನ್ನು ಒಳಗೆ ಬಿಟ್ಟು ಮುಚ್ಚಿದರೆ ಆಯಿತು. ಒಂದೇ ವೈರ್, ಇದನ್ನು ನೆನಪಿಡಿ. ಫೇಸು, ನ್ಯೂಟ್ರಲ್ ಎರಡೂ ಇರುವ ಕೇಬಲನ್ನು ಇಡಿಯಾಗಿ ಹಾಕಿದರೆ ಹೋಗುವ ಕರೆಂಟ್, ಬರುವ ಕರೆಂಟ್ ಎರಡೂ ವಜಾ ಆಗಿ ಸೊನ್ನೆ ತೋರಿಸುತ್ತದೆ.

ವ್ಯಾಟ್ ಅಂದರೆ ಕೆಲಸ ನಡೆಯುವ ವೇಗ. ಇಸ್ತ್ರಿಪೆಟ್ಟಿಗೆಯಂಥದ್ದರಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಮೋಟಾರಿನಲ್ಲಿ ಪವರ್ ಫ್ಯಾಕ್ಟರ್ ಅಂತ ಒಂದು ಇರುವುದರಿಂದ ಅದಕ್ಕಿಂತ ಕಡಿಮೆ ಬರುತ್ತದೆ. ಒಂದು ಎಚ್.ಪಿ. ಅಂದರೆ 746 ವ್ಯಾಟ್. ಅದು ಮೋಟಾರಿನ ಶಾಫ್ಟ್ ಕೊಡುವ ಕೆಲಸ, ಎಳೆಯುವುದು ಇನ್ನೂ ಜಾಸ್ತಿ. 1000 ವ್ಯಾಟ್ ಒಂದು ಗಂಟೆ ಉರಿದರೆ ಬಿಲ್ಲಿನಲ್ಲಿ ಒಂದು ಯೂನಿಟ್.

ವ್ಯಾಟ್ ಅಳೆಯಲು ನಿಮ್ಮ ಮನೆಯ ಕರೆಂಟ್ ಮೀಟರೇ ಸಾಕು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಅಂತ ಅದರ ಮುಖದ ಮೇಲೇ ಬರೆದಿರುತ್ತದೆ. 3200 ಅಂತ ಇದೆ ಅಂದುಕೊಳ್ಳಿ. ಉಳಿದದ್ದೆಲ್ಲ ಆಫ್ ಮಾಡಿ, ಒಂದೇ ಸಾಮಾನು ಹಾಕಿ, ಒಂದು ನಿಮಿಷ ಎಣಿಸಿ. 16 ಮಿಟುಕು ಬಂದರೆ ಗಂಟೆಗೆ 960. ಅದನ್ನು 3200ರಿಂದ ಭಾಗಿಸಿದರೆ 0.3, ಅಂದರೆ 300 ವ್ಯಾಟ್. ಯಾವ ವೈರನ್ನೂ ಮುಟ್ಟದೆ ಮಾಡುವ ಅಳತೆ ಇದು. ಮನೆಯ ಮಕ್ಕಳಿಗೂ ಕಲಿಸಿಕೊಡಿ.

ವೈರಿನಲ್ಲಿ ಕಳೆದುಹೋಗುವುದರ ಲೆಕ್ಕ ದೊಡ್ಡ ಲೈನಿಗೂ ಇದೇ. ಶರಾವತಿ ವಿದ್ಯುದಾಗಾರದ ಯಂತ್ರಗಳು 11,000 ವೋಲ್ಟಿನಲ್ಲಿ ಕರೆಂಟ್ ತಯಾರಿಸುತ್ತವೆ. ಅದನ್ನು 2,20,000 ವೋಲ್ಟಿಗೆ ಏರಿಸಿ ಕಾಡು, ಗುಡ್ಡದ ಮೇಲೆ ಕಳಿಸುತ್ತಾರೆ. ವೋಲ್ಟ್ 20 ಪಟ್ಟು ಏರಿದರೆ ಅಷ್ಟೇ ವ್ಯಾಟಿಗೆ ಆಂಪಿಯರ್ 20 ಪಟ್ಟು ಇಳಿಯುತ್ತದೆ. ವೈರಿನಲ್ಲಿ ಶಾಖವಾಗಿ ಹಾಳಾಗುವುದು 400 ಪಟ್ಟು ಇಳಿಯುತ್ತದೆ. ತೋಟದಲ್ಲಿ ನಾವು ವೋಲ್ಟ್ ಏರಿಸುವ ಹಾಗಿಲ್ಲ. ವೈರ್ ದಪ್ಪ ಮಾಡುವುದೊಂದೇ ದಾರಿ.

ಹಾಗಾಗಿ ಜಾಯಿಂಟ್ ಸರಿ ಮಾಡಿ ಮೋಟಾರು ಓಡಿದರೂ ಅಲ್ಲಿಗೆ ನಿಲ್ಲಿಸಬೇಡಿ. 2.5ರ ವೈರ್ ನಿಮ್ಮ ದೂರಕ್ಕೆ ಸಣ್ಣದು. ಮುಂದಿನ ಸಲ ಎಳೆಸುವಾಗ 4 ಚದರ ಮಿ.ಮೀ. ಹಾಕಿದರೆ ಓಡುವಾಗಿನ ನಷ್ಟ 18ರಿಂದ 11 ವೋಲ್ಟಿಗೆ ಇಳಿಯುತ್ತದೆ. 6 ಚದರ ಮಿ.ಮೀ. ಹಾಕಿದರೆ ಏಳೂವರೆ ವೋಲ್ಟಿಗೆ. ದುಡ್ಡು ಹೊಂದಿದರೆ 6 ಹಾಕಿ, ಜಾಯಿಂಟ್ ಇಲ್ಲದ ಒಂದೇ ಉದ್ದದ ಕೇಬಲ್ ತಗೊಳ್ಳಿ.

ಇನ್ನೊಂದು ಅನುಮಾನವನ್ನೂ ತಳ್ಳಿಹಾಕಬೇಕು. ಮೋಟಾರು ಹೊರಡಲು ನೆರವಾಗುವ ಕೆಪಾಸಿಟರ್ ಸೋತರೂ ಸಿಂಗಲ್ ಫೇಸ್ ಮೋಟಾರು ಹೀಗೇ ಗುಂಯ್ ಅನ್ನುತ್ತದೆ. ಅದು ಮೋಟಾರಿನ ಮೈಮೇಲೇ ಇದ್ದು ಅದರ ಜೊತೆಗೇ ಅಂಗಡಿಗೆ ಹೋಗಿ ಓಡಿದ್ದರೆ ಚಿಂತೆ ಇಲ್ಲ. ಶೆಡ್ಡಿನ ಪ್ಯಾನಲ್ ಬೋರ್ಡಿನಲ್ಲೇ ಉಳಿದಿದ್ದರೆ ಅದನ್ನೂ ನೋಡಿಸಿ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಉಳಿದಿರುತ್ತದೆ. ಒಂದು ಹಳೇ ಬಲ್ಬಿನ ಎರಡು ತುದಿಯನ್ನು ಅದರ ಎರಡು ತುದಿಗೆ ತಾಗಿಸಿ ಖಾಲಿ ಮಾಡದೆ ಮುಟ್ಟಬಾರದು. ಕೆಪಾಸಿಟರ್ ಅಳೆಯುವ ಮನೆ ಇರುವ ಮೀಟರಿನಲ್ಲಿ, ಮೇಲೆ 25 ಮೈಕ್ರೋಫ್ಯಾರಡ್ ಅಂತ ಬರೆದಿದ್ದು 15 ತೋರಿಸಿದರೆ ಬದಲಾಯಿಸಿ.

ಎರಡು ಅಪಾಯದ ಮಾತು ಹೇಳಲೇಬೇಕು. ನ್ಯೂಟ್ರಲ್ ಸರಿ ಇಲ್ಲ ಅಂತ ಗೊತ್ತಾದಾಗ ಕೆಲವರು ಅರ್ಥಿಂಗ್ ವೈರನ್ನೇ ನ್ಯೂಟ್ರಲ್ ಮಾಡಿ ಮೋಟಾರು ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಯಾರು ಹೇಳಿದರೂ ಬೇಡ. ನೆಲ ಒಣಗಿದಾಗ ಅರ್ಥ್ ಗುಂಡಿಯ ಅಡ್ಡಿ ಏರುತ್ತದೆ. ಆಗ ಅರ್ಥಿಗೆ ಸೇರಿರುವ ಮೋಟಾರಿನ ಮೈ, ಪೈಪು ಎಲ್ಲದರಲ್ಲೂ ಕರೆಂಟ್ ಬರುತ್ತದೆ. ನೀರು ಕುಡಿಯಲು ಬಂದ ದನವೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಎರಡನೆಯದು, ಮೀಟರಿನಲ್ಲಿ ವೋಲ್ಟೇಜ್ ಕಡಿಮೆ ಆಗುವ ಬದಲು 270, 300ಕ್ಕೆ ಏರಿದ್ದು ಕಂಡರೆ ತಕ್ಷಣ ಮೇನ್ ತೆಗೆಯಿರಿ. ಮರ ಬಿದ್ದು ಲೈನಿನ ನ್ಯೂಟ್ರಲ್ ಕಡಿದಾಗ ಹೀಗಾಗುತ್ತದೆ. ಆಗ ಒಂದು ಮನೆಯಲ್ಲಿ ಬಲ್ಬು ಮಂಕಾದರೆ ಪಕ್ಕದ ಮನೆಯಲ್ಲಿ ಟಿ.ವಿ. ಸುಡುತ್ತದೆ. ನೆರೆಮನೆಯವರಿಗೂ ಒಂದು ಫೋನ್ ಮಾಡಿ.

ಜಾಯಿಂಟ್ ಹೊಸದಾಗಿ ಮಾಡಿಸಿದ ಮೇಲೆ ಇಸ್ತ್ರಿಪೆಟ್ಟಿಗೆ ಹಾಕಿ ಮತ್ತೆ ಅದೇ ನಾಲ್ಕು ಅಂಕಿ ನೋಡಿ. ವ್ಯತ್ಯಾಸ 13 ವೋಲ್ಟಿನ ಹತ್ತಿರ ಬಂದಿದ್ದರೆ ಮೋಟಾರು ಹಾಕಿ. ಆಗಲೂ ತಿರುಗದಿದ್ದರೆ ಎರಡು ಸಲದ ಅಂಕಿಗಳನ್ನೂ, ಕೆಪಾಸಿಟರ್ ಮೇಲೆ ಬರೆದಿರುವುದನ್ನೂ ಬರೆದು ಕಳಿಸಿ.